ಮಂಗಳ ಹಾಡಿದ ರಾಕ್ ಮೇಳಗಳು

ಹವಾಯಿ ದ್ವೀಪಸಮೂಹದ ಹೊನೊಲುಲು ನಗರ. ಒಂದು ಕಡೆ ಪೆಸಿಫಿಕ್ ಸಾಗರ, ಇನ್ನೊಂದು ಕಡೆ ಡೈಮಂಡ್ ಹೆಡ್ ಎಂಬ ಆರಿದ ಜ್ವಾಲಾಮುಖಿ. ನಡುವಿನ ಉದ್ಯಾನದಲ್ಲಿ ಚಿಪ್ಪಿನಾಕಾರದ ಬಯಲು ರಂಗಮಂದಿರ. ಅದರ ಹೆಸರೂ ವೈಕಿಕಿ ಶೆಲ್. 2007ರ ಏಪ್ರಿಲ್ 28ರಂದು ಅಲ್ಲಿ 'ಆಡಿಯೊ ಅಡ್ರಿನಲಿನ್' ಎಂಬ ರಾಕ್ ಮೇಳದ ವಿದಾಯ ಕಛೇರಿ ನಡೆಯಿತು.

ಈ ಮೇಳಕ್ಕೆ ಹೆಸರಿಗೆ ಕೊರತೆಯಿರಲಿಲ್ಲ. ಎರಡು ಬಾರಿ ಗ್ರ್ಯಾಮಿ ಪ್ರಶಸ್ತಿ ಪಡೆದಿತ್ತು. ಕೇಳುಗರೂ ಕೈಬಿಟ್ಟಿರಲಿಲ್ಲ. ಹಾಗಿದ್ದರೆ ವಿದಾಯ ಯಾಕೆ? ಉತ್ತರ ಸರಳ. ಗಾಯಕ ಮಾರ್ಕ್ ಸ್ಟುವರ್ಟ್‌ರ ಕೊರಳು ಕೈಕೊಟ್ಟಿತ್ತು. ಕೊನೆಯ ವರ್ಷಗಳಲ್ಲಿ ಎಷ್ಟೋ ಹಾಡುಗಳನ್ನು ಗಿಟಾರ್ ನುಡಿಸುವ ಟೈಲರ್ ಬರ್ಕಮ್ ಅವರೇ ಹಾಡಬೇಕಾಗಿ ಬಂತು. ಹಾಡುಗಾರನಿಗೆ ಹಾಡಲಾಗದ ಮೇಲೆ ಮಂಗಳ ಹಾಡುವುದೇ ಸರಿ ಎಂದು ಮೇಳದವರು ತೀರ್ಮಾನಿಸಿದರು. 2006ರ ಜನವರಿಯಲ್ಲೇ ಅದನ್ನು ಪ್ರಕಟಿಸಿಯೂ ಬಿಟ್ಟರು.

ಹೈಸ್ಕೂಲಿನಲ್ಲಿ ವಿಜ್ಞಾನ ಹೇಳುವ ಮೇಷ್ಟ್ರಿಗೂ ಅಮೆರಿಕದ ರಾಕ್ ಮೇಳಕ್ಕೂ ಏನು ಸಂಬಂಧ ಎಂದು ನೀವು ಕೇಳಬಹುದು. ಸಂಬಂಧ ಇರುವುದು ಕೊರಳಿನದು.

ಎರಡು ವರ್ಷದ ಹಿಂದೆ ಒಂದು ದಿನ ಹತ್ತನೇ ತರಗತಿಗೆ ಓಮ್‌ನ ನಿಯಮ ಹೇಳುತ್ತಿದ್ದೆ. ಮಧ್ಯದಲ್ಲೇ ದನಿ ಒಡೆಯಿತು. ಕೆಮ್ಮಿದೆ, ನೀರು ಕುಡಿದೆ, ಮತ್ತೆ ಬಾಯಿ ತೆರೆದೆ. ಬಂದದ್ದು ಬರೀ ಗಾಳಿ. ಮುಂದಿನ ಬೆಂಚಿನ ಹುಡುಗಿ, "ಸಾರ್, ನೀವು ಬೋರ್ಡ್ ಮೇಲೆ ಬರೀರಿ, ನಾನು ಓದ್ತೀನಿ" ಎಂದಳು. ಆ ಪಿರಿಯಡ್ ಹಾಗೇ ಮುಗಿಯಿತು. ಗಂಟಲಿನ ಡಾಕ್ಟರು ಸಣ್ಣ ಕನ್ನಡಿ ಹಿಡಿದು ನೋಡಿ, ಧ್ವನಿತಂತುಗಳ ಮೇಲೆ ಗಂಟು ಕಟ್ಟಿದೆ ಎಂದರು. ಮೂವತ್ತು ವರ್ಷ ಕೂಗಿದ್ದರ ಫಲ. "ಮಾತು ಕಡಿಮೆ ಮಾಡಿ ಮೇಷ್ಟ್ರೇ" ಎಂದು ಸಲಹೆ ಕೊಟ್ಟರು. ಮೇಷ್ಟ್ರಿಗೆ ಮಾತು ಕಡಿಮೆ ಮಾಡಿ ಎನ್ನುವುದು, ಅಗಸನಿಗೆ ನೀರು ಮುಟ್ಟಬೇಡ ಎಂದಂತೆ!

ಅದೇ ಬೇಸಿಗೆಯಲ್ಲಿ ಅಮೆರಿಕದಿಂದ ಊರಿಗೆ ಬಂದಿದ್ದ ಹಳೆಯ ವಿದ್ಯಾರ್ಥಿಯೊಬ್ಬ ಮನೆಗೆ ಬಂದ. ನನ್ನ ಪಿಸುದನಿ ಕೇಳಿ ಪೆಚ್ಚಾದ. ಹೋಗುವಾಗ, "ಸಾರ್, ನಿಮಗೆ ಒಂದು ಕಛೇರಿ ತೋರಿಸ್ತೀನಿ. ಹಾಡು ಹಿಡಿಸದೇ ಇರಬಹುದು, ಆದರೆ ಹಾಡೋರ ಕಥೆ ನಿಮಗೆ ಗೊತ್ತಿರಬೇಕು" ಎಂದು ಹೊನೊಲುಲುವಿನ ಆ ವಿದಾಯ ಕಛೇರಿಯನ್ನು ತೋರಿಸಿದ. ಹಾಡು ನನಗೆ ಅಷ್ಟಾಗಿ ಹಿಡಿಸಲಿಲ್ಲ ಎಂಬುದು ನಿಜ. ನಮ್ಮದು ಪಿ. ಕಾಳಿಂಗರಾಯರ ಕಾಲದ ಕಿವಿ. ಆದರೆ ಕಥೆ ನನ್ನನ್ನು ಬಿಡಲಿಲ್ಲ. ಹುಡುಕುತ್ತಾ ಹೋದೆ. ಸಿಕ್ಕಿದ್ದನ್ನು ನಿಮ್ಮ ಮುಂದೆ ಇಡುತ್ತಿದ್ದೇನೆ.

ಚರ್ಚಿನೊಳಗೆ ಡ್ರಮ್ಮು

ಕ್ರೈಸ್ತ ರಾಕ್ ಎಂದರೆ ಏನು? ಹಾಡಿನ ಹೂರಣ ಭಕ್ತಿ, ಹೊರಕವಚ ರಾಕ್. ಎಲೆಕ್ಟ್ರಿಕ್ ಗಿಟಾರ್, ಡ್ರಮ್, ಉದ್ದ ಕೂದಲು, ಕಿವಿಗಡಚಿಕ್ಕುವ ಸದ್ದು. ಸಾಹಿತ್ಯ ಮಾತ್ರ ಏಸುವಿನದು.

ಇದರ ಮೂಲಪುರುಷ ಎಂದು ಹಲವರು ಹೇಳುವುದು ಲ್ಯಾರಿ ನಾರ್ಮನ್ ಅವರನ್ನು. ಅವರ 'ಅಪಾನ್ ದಿಸ್ ರಾಕ್' ಎಂಬ ಧ್ವನಿಮುದ್ರಿಕೆ ಹೊರಬಂದದ್ದು 1969ರಲ್ಲಿ. ಅದು ಹಿಪ್ಪಿಗಳ ಕಾಲ. ಕ್ಯಾಲಿಫೋರ್ನಿಯಾದ ಕಡಲತೀರದಲ್ಲಿ ಅಲೆಯುತ್ತಿದ್ದ ತರುಣರಲ್ಲಿ ಅನೇಕರು ಏಸುವಿನ ಕಡೆಗೆ ತಿರುಗಿದರು. ಜೀವನ ಬದಲಾಯಿತು, ಆದರೆ ಗಿಟಾರ್ ಬಿಡಲಿಲ್ಲ. 1972ರ ಜೂನ್‌ನಲ್ಲಿ ಟೆಕ್ಸಸ್‌ನ ಡಲ್ಲಾಸ್‌ನಲ್ಲಿ 'ಎಕ್ಸ್‌ಪ್ಲೋ 72' ಎಂಬ ಬೃಹತ್ ಸಮಾವೇಶ ನಡೆಯಿತು. ಅದರ ಕೊನೆಯ ದಿನದ ಬಯಲು ಸಂಗೀತಕ್ಕೆ ಲಕ್ಷಕ್ಕೂ ಹೆಚ್ಚು ಜನ ಸೇರಿದ್ದರು. ಧರ್ಮೋಪದೇಶಕ ಬಿಲ್ಲಿ ಗ್ರಹಾಂ, ಹೆಸರಾಂತ ಗಾಯಕ ಜಾನಿ ಕ್ಯಾಶ್, ಲ್ಯಾರಿ ನಾರ್ಮನ್ ಎಲ್ಲರೂ ಅಲ್ಲಿದ್ದರು.

ಹಿರಿಯರು ಸುಮ್ಮನಿರುತ್ತಾರೆಯೆ? ಡ್ರಮ್ಮಿನ ತಾಳ ಸೈತಾನನದು ಎಂದವರಿದ್ದರು. ಟಿವಿ ಪ್ರವಚನಕಾರ ಜಿಮ್ಮಿ ಸ್ವಾಗರ್ಟ್, ಇದು ಕುರಿಯ ತೊಗಲು ಹೊದ್ದ ತೋಳ ಎಂದು 1987ರಲ್ಲಿ ಪುಸ್ತಕವನ್ನೇ ಬರೆದರು. ಇತ್ತ ರಾಕ್ ರಸಿಕರಿಗೂ ಇವರು ಬೇಕಾಗಿರಲಿಲ್ಲ. 'ಸ್ಟ್ರೈಪರ್' ಎಂಬ ಮೇಳದವರು ಹಳದಿ-ಕಪ್ಪು ಪಟ್ಟೆಯ ಉಡುಪು ತೊಟ್ಟು, ವೇದಿಕೆಯ ಮೇಲಿಂದ ಜನರತ್ತ ಬೈಬಲ್ ಪ್ರತಿಗಳನ್ನೇ ಎಸೆಯುತ್ತಿದ್ದರು! ಚರ್ಚಿಗೆ ಇವರು ತೀರಾ ಪುಂಡರು, ಪುಂಡರಿಗೆ ಇವರು ತೀರಾ ಭಕ್ತರು. ಎರಡು ದೋಣಿಯ ಮೇಲೆ ಕಾಲಿಟ್ಟ ಸ್ಥಿತಿ.

ಜನಕ್ಕೆ ಒಗ್ಗಿದ ಮಟ್ಟಿನಲ್ಲಿ ದೇವರ ಮಾತು ಹೇಳುವುದು ಹೊಸ ಉಪಾಯವೇನಲ್ಲ. ನಿಘಂಟಿನ ಕಿಟೆಲ್ ಸಾಹೇಬರು ನಮಗೆಲ್ಲ ಗೊತ್ತು. ಅವರು ಏಸುವಿನ ಚರಿತ್ರೆಯನ್ನು ನಮ್ಮ ಛಂದಸ್ಸಿನಲ್ಲೇ 'ಕಥಾಮಾಲೆ' ಎಂದು ಬರೆದು 1862ರಲ್ಲಿ ಹೊರತಂದಿದ್ದರು. ಷಟ್ಪದಿಯ ನಾಡಿನಲ್ಲಿ ಷಟ್ಪದಿಯ ದಾರಿ, ಗಿಟಾರಿನ ನಾಡಿನಲ್ಲಿ ಗಿಟಾರಿನ ದಾರಿ.

ಹೊಸವರ್ಷದ ಮಧ್ಯರಾತ್ರಿ

ಈ ಎರಡು ದೋಣಿಯ ಪಯಣವನ್ನು ಬಹಳ ಕಾಲ ನಡೆಸಿದ ಮೇಳ 'ಪೆಟ್ರಾ'. ಗ್ರೀಕ್ ಭಾಷೆಯಲ್ಲಿ ಪೆಟ್ರಾ ಎಂದರೆ ಬಂಡೆ. ಇಂಗ್ಲಿಷಿನಲ್ಲಿ ಬಂಡೆ ಎಂದರೆ ರಾಕ್. ಹೆಸರಿನಲ್ಲೇ ಶ್ಲೇಷೆ! 1972ರಲ್ಲಿ ಇಂಡಿಯಾನಾ ರಾಜ್ಯದ ಫೋರ್ಟ್ ವೇನ್‌ನಲ್ಲಿ ಬಾಬ್ ಹಾರ್ಟ್‌ಮನ್ ಮತ್ತು ಗೆಳೆಯರು ಕಟ್ಟಿದ ಮೇಳ ಇದು. ನಾಲ್ಕು ಗ್ರ್ಯಾಮಿ ಗೆದ್ದಿತು. ಗಾಯಕರು ಬದಲಾದರು, ವಾದ್ಯಗಾರರು ಬದಲಾದರು, ಮೇಳ ಮಾತ್ರ 33 ವರ್ಷ ನಡೆಯಿತು.

2005ರಲ್ಲಿ ಪೆಟ್ರಾ ನಿವೃತ್ತಿ ಪ್ರಕಟಿಸಿತು. ಅಕ್ಟೋಬರ್ 4ರಂದು ಟೆನೆಸಿಯ ಫ್ರಾಂಕ್ಲಿನ್‌ನಲ್ಲಿ ನಡೆದ ಕಛೇರಿಯನ್ನು ವಿದಾಯದ ನೆನಪಿಗಾಗಿ ಮುದ್ರಿಸಿಕೊಂಡರು. ಕಟ್ಟಕಡೆಯದು ಉತ್ತರ ಕೆರೊಲಿನಾದ ಮರ್ಫಿ ಎಂಬ ಪುಟ್ಟ ಊರಿನಲ್ಲಿ, ಡಿಸೆಂಬರ್ 31ರ ರಾತ್ರಿ. ವರ್ಷಕ್ಕೂ ಮೇಳಕ್ಕೂ ಒಟ್ಟಿಗೇ ವಿದಾಯ.

ಮುಗಿಯಿತೆ? ಇಲ್ಲ! 2010ರಲ್ಲಿ ಹಳೆಯ ಗಾಯಕ ಗ್ರೆಗ್ ವೋಲ್ಜ್ ಅವರೊಂದಿಗೆ 'ಕ್ಲಾಸಿಕ್ ಪೆಟ್ರಾ' ಎಂದು ಮತ್ತೆ ಬಂದರು. ಮುಂದೆ ಐವತ್ತು ವರ್ಷ ತುಂಬಿದ ನೆಪದಲ್ಲಿ ಇನ್ನೊಮ್ಮೆ ಬಂದರು. ನಾನು ಚಿಕ್ಕವನಿದ್ದಾಗ ನಮ್ಮೂರ ಜಾತ್ರೆಗೆ ನಾಟಕ ಕಂಪನಿ ಬರುತ್ತಿತ್ತು. 'ಕೊನೆಯ ಮೂರು ಪ್ರಯೋಗಗಳು' ಎಂದು ಬೋರ್ಡು ಬೀಳುತ್ತಿತ್ತು. ಜನ ನುಗ್ಗುತ್ತಿದ್ದರು. ಮರುವಾರ 'ಜನರ ಒತ್ತಾಯದ ಮೇರೆಗೆ' ಎಂದು ಇನ್ನೊಂದು ಬೋರ್ಡು! ಕಂಪನಿ ಹೋಗುವಷ್ಟರಲ್ಲಿ ಮಳೆಗಾಲವೇ ಬಂದಿರುತ್ತಿತ್ತು. ರಾಕ್ ಮೇಳಗಳ ವಿದಾಯವೂ ಹಲವು ಸಲ ಹೀಗೆಯೇ.

ಹಾಗೆಂದು ನಗಾಡುವಂತೆಯೂ ಇಲ್ಲ. ಡೆನ್ವರ್ ನಗರದ 'ಫೈವ್ ಐರನ್ ಫ್ರೆಂಜಿ' ಎಂಬ ಮೇಳ 2003ರ ನವೆಂಬರ್ 22ರಂದು ಸ್ವಂತ ಊರಿನ ಫಿಲ್‌ಮೋರ್ ಸಭಾಂಗಣದಲ್ಲಿ ಕೊನೆಯ ಬಾರಿ ಹಾಡಿ ಚದುರಿತು. ಸರಿಯಾಗಿ ಎಂಟು ವರ್ಷದ ಮೇಲೆ, 2011ರ ಅದೇ ನವೆಂಬರ್ 22ರಂದು, ಮತ್ತೆ ಸೇರುತ್ತೇವೆ ಎಂದಿತು. ಹೊಸ ಧ್ವನಿಮುದ್ರಿಕೆಗೆ 30 ಸಾವಿರ ಡಾಲರ್ ಬೇಕೆಂದು ಅಭಿಮಾನಿಗಳನ್ನು ಕೇಳಿತು. ಒಂದು ಗಂಟೆ ತುಂಬುವುದರೊಳಗೆ ಅಷ್ಟು ಹಣ ಬಂದುಬಿಟ್ಟಿತು. ಕೊನೆಗೆ ಸೇರಿದ್ದು 2 ಲಕ್ಷ ಡಾಲರಿಗೂ ಮಿಗಿಲು! ಎಂಟು ವರ್ಷ ಸುಮ್ಮನಿದ್ದವರನ್ನು ಜನ ಮರೆತಿರಲಿಲ್ಲ.

ಹೇಳಿ ಹೋದವರು

ಹೇಳಿದ ಮಾತಿನಂತೆ ಮುಗಿಸಿದವರೂ ಇದ್ದಾರೆ. ಇಂಗ್ಲೆಂಡಿನ ದಕ್ಷಿಣ ಕರಾವಳಿಯ ಲಿಟ್ಲ್‌ಹ್ಯಾಂಪ್ಟನ್‌ನಲ್ಲಿ 1992ರಲ್ಲಿ ಚರ್ಚಿನ ಹುಡುಗರು ತಿಂಗಳಿಗೊಮ್ಮೆ ಹಾಡಲು ಸೇರುತ್ತಿದ್ದರು. ಅದೇ ಬೆಳೆದು 'ಡಿಲಿರಿಯಸ್' ಎಂಬ ಮೇಳವಾಯಿತು. ಗಾಯಕ ಮಾರ್ಟಿನ್ ಸ್ಮಿತ್ ಬರೆದ ಹಾಡುಗಳು ಪ್ರಪಂಚದಾದ್ಯಂತ ಚರ್ಚುಗಳಲ್ಲಿ ಹಾಡಲ್ಪಟ್ಟವು. ಅವರು ಮುಂಬಯಿಗೂ ಬಂದಿದ್ದರು. ಅಲ್ಲಿನ ಕೊಳೆಗೇರಿಯ ಮಕ್ಕಳನ್ನು ಕಂಡದ್ದು ಅವರ ಮನಸ್ಸನ್ನು ಕಲಕಿತು. ಹಾಡಿನ ಗೌರವಧನವನ್ನು ಬಡವರ ಕೆಲಸಕ್ಕೆ ಕೊಡುವ 'ಕಂಪ್ಯಾಶನ್‌ಆರ್ಟ್' ಎಂಬ ಯೋಜನೆಗೂ ಅವರು ಕೈಹಾಕಿದರು.

2008ರಲ್ಲೇ ವಿದಾಯ ಪ್ರಕಟಿಸಿದ ಈ ಮೇಳ 2009ರ ನವೆಂಬರ್ 29ರಂದು ಲಂಡನ್ನಿನ ಹ್ಯಾಮರ್‌ಸ್ಮಿತ್ ಅಪೊಲೊದಲ್ಲಿ ಮಂಗಳ ಹಾಡಿತು. ಒಂದು ವಿಶೇಷವೆಂದರೆ, ಮೇಳದ ಕೀಬೋರ್ಡ್ ವಾದಕ ಟಿಮ್ ಜಪ್ ಅದೇ ವರ್ಷ ಸಸೆಕ್ಸ್‌ನಲ್ಲಿ 'ಬಿಗ್ ಚರ್ಚ್ ಡೇ ಔಟ್' ಎಂಬ ಬಯಲು ಸಂಗೀತೋತ್ಸವ ಆರಂಭಿಸಿದರು. ಒಂದು ದೀಪ ಆರುವ ಮುನ್ನವೇ ಇನ್ನೊಂದಕ್ಕೆ ಬತ್ತಿ.

ಟೆಕ್ಸಸ್‌ನ 'ಡೇವಿಡ್ ಕ್ರೌಡರ್ ಬ್ಯಾಂಡ್' ವಿದಾಯಕ್ಕೆ ಆರಿಸಿಕೊಂಡ ರೂಪವೇ ಬೇರೆ. 2012ರ ಜನವರಿಯಲ್ಲಿ ಬಂದ ಅವರ ಕೊನೆಯ ಧ್ವನಿಮುದ್ರಿಕೆ ರಿಕ್ವಿಯಮ್, ಅಂದರೆ ಸತ್ತವರಿಗಾಗಿ ಸಲ್ಲಿಸುವ ಪೂಜೆಯ ಗಾಯನದ ಚೌಕಟ್ಟಿನಲ್ಲಿತ್ತು. ತಮ್ಮ ಮೇಳದ ಉತ್ತರಕ್ರಿಯೆಯನ್ನು ತಾವೇ ಹಾಡಿ ಮುಗಿಸಿದಂತೆ! ಅದೇ ತಿಂಗಳು ಅಟ್ಲಾಂಟಾದ ಜಾರ್ಜಿಯಾ ಡೋಮ್‌ನಲ್ಲಿ ಸಾವಿರಾರು ವಿದ್ಯಾರ್ಥಿಗಳ ನಡುವೆ ಕೊನೆಯ ಕಛೇರಿ.

ಹೊಲದಲ್ಲಿ ಹಾಡಿನ ಜಾತ್ರೆ

ಈ ಮೇಳಗಳನ್ನು ಸಾಕಿ ಬೆಳೆಸಿದ್ದು ಬಯಲಿನ ಉತ್ಸವಗಳು. 1969ರ ಆಗಸ್ಟಿನಲ್ಲಿ ನ್ಯೂಯಾರ್ಕ್ ರಾಜ್ಯದ ಹೊಲವೊಂದರಲ್ಲಿ ನಡೆದ ವುಡ್‌ಸ್ಟಾಕ್ ಉತ್ಸವದ ಬಗ್ಗೆ ನೀವು ಕೇಳಿರಬಹುದು. ಮಳೆ, ಕೆಸರು, ಅಮಲು, ಹಾಡು. ಮರುವರ್ಷವೇ ಕೆಂಟಕಿಯ ವಿಲ್ಮೋರ್ ಎಂಬಲ್ಲಿ ಧರ್ಮಶಾಸ್ತ್ರದ ಪ್ರಾಧ್ಯಾಪಕ ಬಾಬ್ ಲಯನ್ ಮತ್ತು ವಿದ್ಯಾರ್ಥಿಗಳು ಅದಕ್ಕೆ ಉತ್ತರವೆಂಬಂತೆ 'ಇಕ್ಥಸ್' ಉತ್ಸವ ಆರಂಭಿಸಿದರು. ಇಕ್ಥಸ್ ಎಂದರೆ ಗ್ರೀಕಿನಲ್ಲಿ ಮೀನು. ಆದಿಕಾಲದ ಕ್ರೈಸ್ತರ ಗುಪ್ತ ಚಿಹ್ನೆ ಅದು.

1974ರಲ್ಲಿ ಇಂಗ್ಲೆಂಡಿನ ಸಫೋಕ್‌ನ ಹೊಲವೊಂದರಲ್ಲಿ 'ಗ್ರೀನ್‌ಬೆಲ್ಟ್' ಹುಟ್ಟಿತು. 1979ರಲ್ಲಿ ಅಲ್ಲಿ ಹಾಡಿದವರು ಕ್ಲಿಫ್ ರಿಚರ್ಡ್. ಈ ಮಹಾಶಯರು ಹುಟ್ಟಿದ್ದು ನಮ್ಮ ಲಖನೌನಲ್ಲಿ, 1940ರಲ್ಲಿ! 1981ರಲ್ಲಿ, ಮುಂದೆ ಜಗತ್ಪ್ರಸಿದ್ಧವಾದ 'ಯು2' ಮೇಳ ಅಲ್ಲಿ ಹಾಡಿತು. 1979ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ 'ಕ್ರಿಯೇಶನ್' ಉತ್ಸವ ಶುರುವಾಯಿತು.

ನನ್ನ ಮನಸ್ಸಿಗೆ ಹತ್ತಿರವಾದದ್ದು ಮಾತ್ರ ಇಲಿನಾಯ್ ರಾಜ್ಯದ 'ಕಾರ್ನರ್‌ಸ್ಟೋನ್'. ಶಿಕಾಗೊ ನಗರದಲ್ಲಿ ಒಟ್ಟು ಕುಟುಂಬದಂತೆ ಬದುಕುವ 'ಜೀಸಸ್ ಪೀಪಲ್' ಎಂಬ ಬಳಗ 1984ರಲ್ಲಿ ಆರಂಭಿಸಿದ್ದು. 1991ರಿಂದ ಬುಶ್ನೆಲ್ ಎಂಬ ಹಳ್ಳಿಯ ಹತ್ತಿರದ ಹೊಲದಲ್ಲಿ ನಡೆಯಿತು. ಡೇರೆ ಹಾಕಿಕೊಂಡು ದಿನಗಟ್ಟಲೆ ಇರುವುದು, ಕೆರೆಯಲ್ಲಿ ಈಜುವುದು, ಹಗಲು ಉಪನ್ಯಾಸ, ಚರ್ಚೆ, ರಾತ್ರಿ ಹಾಡು. ಅಲ್ಲಿ 'ಜನರೇಟರ್ ವೇದಿಕೆ' ಎಂಬ ವಿಶೇಷವಿತ್ತು. ಆಹ್ವಾನವಿಲ್ಲದ ಹುಡುಗರು ತಾವೇ ಜನರೇಟರ್ ತಂದು, ಹಾದಿಯ ಪಕ್ಕ ಹಲಗೆ ಹಾಕಿ ಹಾಡಬಹುದಿತ್ತು. ನಿಂತು ಕೇಳುವವರು ಕೇಳುತ್ತಿದ್ದರು, ಹೋಗುವವರು ಹೋಗುತ್ತಿದ್ದರು. ಹೊಸ ಪೀಳಿಗೆಗೆ ಇದಕ್ಕಿಂತ ಒಳ್ಳೆಯ ಪಾಠಶಾಲೆ ಯಾವುದು?

ವಿಜ್ಞಾನದ ಮೇಷ್ಟ್ರಾಗಿ ಬಯಲಿನ ಕಛೇರಿಯಲ್ಲಿ ನನಗೆ ಸೋಜಿಗವೆನಿಸುವುದು ಸದ್ದಿನ ಲೆಕ್ಕ. ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಓಡುತ್ತದೆ. ವೇದಿಕೆಯಿಂದ 170 ಮೀಟರ್ ದೂರದಲ್ಲಿ ನಿಂತವನಿಗೆ ಡ್ರಮ್ಮಿನ ಪೆಟ್ಟು ಕಾಣಿಸಿ ಅರ್ಧ ಸೆಕೆಂಡಿನ ಮೇಲೆ ಕೇಳಿಸುತ್ತದೆ. ದೂರ ಇಮ್ಮಡಿಯಾದಾಗಲೆಲ್ಲ ಸದ್ದು 6 ಡೆಸಿಬೆಲ್‌ನಷ್ಟು ಇಳಿಯುತ್ತದೆ. 10 ಮೀಟರಿನಲ್ಲಿ 105 ಇದ್ದದ್ದು 20ರಲ್ಲಿ 99, 40ರಲ್ಲಿ 93, 80ರಲ್ಲಿ 87. ಹಿಂದಿನವರಿಗೂ ಕೇಳಿಸಲೆಂದು ಮೈದಾನದ ನಡುವೆ ಕಂಬ ನೆಟ್ಟು ಸ್ಪೀಕರ್ ಕಟ್ಟುತ್ತಾರೆ. ಆದರೆ ತಂತಿಯಲ್ಲಿ ವಿದ್ಯುತ್ ಕ್ಷಣಮಾತ್ರದಲ್ಲಿ ತಲುಪುತ್ತದೆ, ವೇದಿಕೆಯ ಸದ್ದು ನಿಧಾನವಾಗಿ ಬರುತ್ತದೆ. ಒಂದೇ ಹಾಡು ಎರಡು ಸಲ ಕೇಳಿ ಗೊಂದಲವಾಗುತ್ತದೆ. ಅದಕ್ಕಾಗಿ ಕಂಬದ ಸ್ಪೀಕರಿನ ಸದ್ದನ್ನು ಬೇಕೆಂದೇ ಅಷ್ಟು ತಡಮಾಡಿ ಬಿಡುತ್ತಾರೆ. ನಮ್ಮೂರ ರಥೋತ್ಸವದಲ್ಲಿ ದೇವಸ್ಥಾನದ ಮೈಕೂ ಬಸ್ ಸ್ಟ್ಯಾಂಡಿನ ಮೈಕೂ ಒಂದರ ಬಾಲ ಇನ್ನೊಂದು ಹಿಡಿದು ಕೂಗುವುದನ್ನು ಕೇಳಿದವರಿಗೆ ಇದರ ಬೆಲೆ ಗೊತ್ತಾಗುತ್ತದೆ.

ಕಿವಿಗೂ ಮಿತಿಯಿದೆ. 85 ಡೆಸಿಬೆಲ್ ಸದ್ದನ್ನು ದಿನಕ್ಕೆ 8 ಗಂಟೆ ಸಹಿಸಬಹುದು ಎಂಬುದು ಅಮೆರಿಕದ ತಜ್ಞರ ಲೆಕ್ಕ. ಪ್ರತಿ 3 ಡೆಸಿಬೆಲ್ ಏರಿದಂತೆ ಆ ಅವಧಿ ಅರ್ಧವಾಗುತ್ತದೆ. 100 ಡೆಸಿಬೆಲ್ ಆದರೆ ಕೇವಲ 15 ನಿಮಿಷ! ಸಂಗೀತ ಕಛೇರಿಗಳ ಸದ್ದು ಸರಾಸರಿ 100 ಡೆಸಿಬೆಲ್ ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಹೇಳಿದೆ. ಭಕ್ತಿಯ ಹಾಡಾದರೂ ಕಿವಿಯ ಒಳಗಿನ ಸೂಕ್ಷ್ಮ ಕೂದಲಿಗೆ ಅದು ಬರೀ ಒತ್ತಡದ ಅಲೆ. ಒಮ್ಮೆ ಸತ್ತರೆ ಆ ಕೋಶಗಳು ಮತ್ತೆ ಹುಟ್ಟುವುದಿಲ್ಲ.

2012 ಈ ಜಾತ್ರೆಗಳ ಪಾಲಿಗೆ ಕೆಟ್ಟ ವರ್ಷ. ಖರ್ಚು ಏರಿತು, ಜನ ಇಳಿದರು. ಆ ವರ್ಷದ ಉತ್ಸವದೊಂದಿಗೆ ಕಾರ್ನರ್‌ಸ್ಟೋನ್ ಮುಗಿಯಿತು. ಅದೇ ವರ್ಷಾಂತ್ಯದಲ್ಲಿ ನಾಲ್ಕು ದಶಕದ ಇಕ್ಥಸ್ ಸಹ ನಿಲ್ಲುವುದೆಂದು ಪ್ರಕಟವಾಯಿತು. ಆದರೆ ಕಾರ್ನರ್‌ಸ್ಟೋನ್ ಇಲ್ಲದೆ ಇರಲಾರದವರು 2013ರಲ್ಲಿ ಅದೇ ರಾಜ್ಯದ ಅರ್ಬಾನಾದಲ್ಲಿ 'ಆಡಿಯೊಫೀಡ್' ಎಂಬ ಚಿಕ್ಕ ಉತ್ಸವ ಶುರುಮಾಡಿದರು. ಆಲದ ಮರ ಉರುಳಿದರೂ ಒಂದು ಬಿಳಲು ನೆಲ ಹಿಡಿದಿತ್ತು.

ಕೊರಳು ಹೋದ ಮೇಲೆ

ಈಗ ಮತ್ತೆ ಹೊನೊಲುಲುವಿಗೆ ಬರೋಣ. ಮಾರ್ಕ್ ಸ್ಟುವರ್ಟ್ ಅವರಿಗೆ ಆದದ್ದು ಏನು?

ನಮ್ಮ ಧ್ವನಿಪೆಟ್ಟಿಗೆಯಲ್ಲಿ ಎರಡು ಪುಟ್ಟ ಮಡಿಕೆಗಳಿವೆ. ಗಂಡಸರಲ್ಲಿ ಉದ್ದ ಸುಮಾರು ಎರಡು ಸೆಂಟಿಮೀಟರ್. ಶ್ವಾಸಕೋಶದ ಗಾಳಿ ನುಗ್ಗಿದಾಗ ಅವು ಚಪ್ಪಾಳೆ ತಟ್ಟಿದಂತೆ ಒಂದಕ್ಕೊಂದು ಬಡಿಯುತ್ತವೆ. ಗಂಡಸಿನ ಸಾಮಾನ್ಯ ಮಾತಿನಲ್ಲಿ ಸೆಕೆಂಡಿಗೆ ಸುಮಾರು 125 ಸಲ. 40 ನಿಮಿಷದ ಪಿರಿಯಡ್‌ನಲ್ಲಿ ಅರ್ಧ ಹೊತ್ತು ಮಾತಾಡಿದರೂ ಒಂದೂವರೆ ಲಕ್ಷ ಸಲ. ದಿನಕ್ಕೆ ಐದು ಪಿರಿಯಡ್ ಎಂದರೆ ಏಳೂವರೆ ಲಕ್ಷ ಬಡಿತ! ಕೈಗೆ ದಡ್ಡು ಕಟ್ಟುವಂತೆ ಇಲ್ಲೂ ಗಂಟು ಕಟ್ಟುವುದರಲ್ಲಿ ಆಶ್ಚರ್ಯವೇನು? ನನ್ನದು ಆ ಬಗೆಯದು. ವಿಶ್ರಾಂತಿ, ಅಭ್ಯಾಸಗಳಿಂದ ಬಹುಮಟ್ಟಿಗೆ ಸರಿಹೋಗುವಂಥದು.

ಸ್ಟುವರ್ಟ್ ಅವರದು ಹಾಗಲ್ಲ. 'ಸ್ಪಾಸ್ಮೊಡಿಕ್ ಡಿಸ್ಫೋನಿಯಾ' ಎಂಬ ನರಸಂಬಂಧಿ ದೋಷ. ಮಾತಾಡುವಾಗ ಧ್ವನಿಪೆಟ್ಟಿಗೆಯ ಸ್ನಾಯುಗಳು ಮೆದುಳಿನ ತಪ್ಪು ಆಜ್ಞೆಯಿಂದ ತಮ್ಮಷ್ಟಕ್ಕೆ ಸೆಟೆದುಕೊಳ್ಳುತ್ತವೆ. ದನಿ ತುಂಡು ತುಂಡಾಗುತ್ತದೆ. ಸ್ನಾಯುವಿಗೆ ಚುಚ್ಚುಮದ್ದು ಕೊಟ್ಟು ಕೆಲವು ತಿಂಗಳು ಸಡಿಲಗೊಳಿಸಬಹುದು. ಪೂರ್ತಿ ಗುಣವಾಗುವ ಔಷಧ ಇನ್ನೂ ಇಲ್ಲ. ವರ್ಷವಿಡೀ ಊರಿಂದೂರಿಗೆ ಹಾಡುವವನಿಗೆ ಇದಕ್ಕಿಂತ ದೊಡ್ಡ ಶಿಕ್ಷೆ ಬೇಡ.

ಆದರೆ ಅವರು ಕೈಕಟ್ಟಿ ಕೂರಲಿಲ್ಲ. ತಂದೆತಾಯಿ ಮಿಷನರಿಗಳಾಗಿದ್ದ ಹೈಟಿ ದೇಶದಲ್ಲಿ ಅವರ ಬಾಲ್ಯದ ಒಂದು ಭಾಗ ಕಳೆದಿತ್ತು. ಕೈ ಮತ್ತು ಪಾದಗಳಾಗಿ ದೇವರ ಕೆಲಸ ಮಾಡುವ ಆಶಯದ ಹಾಡೊಂದನ್ನು ಅವರ ಮೇಳ 1999ರಲ್ಲಿ ಹಾಡಿತ್ತು. ಅದೇ ಹೆಸರಿನಲ್ಲಿ, 'ಹ್ಯಾಂಡ್ಸ್ ಅಂಡ್ ಫೀಟ್' ಎಂದು, 2004ರಲ್ಲಿ ಹೈಟಿಯ ಜಾಕ್ಮೆಲ್‌ನಲ್ಲಿ ಅನಾಥ ಮಕ್ಕಳ ಆಶ್ರಯ ಶುರುಮಾಡಿದರು. 2010ರ ಜನವರಿಯಲ್ಲಿ ಭೂಕಂಪ ಹೈಟಿಯನ್ನು ನೆಲಸಮ ಮಾಡಿದಾಗ ಅಂಥ ಆಶ್ರಯಗಳ ಬೆಲೆ ಏನೆಂದು ಯಾರೂ ಹೇಳಬೇಕಾಗಿರಲಿಲ್ಲ. ಮೇಳ 2012ರಲ್ಲಿ ಕೆವಿನ್ ಮ್ಯಾಕ್ಸ್ ಎಂಬ ಬೇರೆ ಗಾಯಕರೊಂದಿಗೆ ಮತ್ತೆ ಎದ್ದು ಕೆಲವು ವರ್ಷ ನಡೆಯಿತು. ಸ್ಟುವರ್ಟ್ 2019ರಲ್ಲಿ, ದನಿ ಕಳೆದುಕೊಂಡು ದನಿ ಕಂಡುಕೊಂಡ ತಮ್ಮ ಕಥೆಯನ್ನು ಪುಸ್ತಕವಾಗಿ ಬರೆದರು.

ಒಂದು ಮಾತು ಸ್ಪಷ್ಟಪಡಿಸಬೇಕು. ನಾನು ಆ ಮತದವನಲ್ಲ, ಆ ಸಂಗೀತದವನೂ ಅಲ್ಲ. ಆದರೆ ಆ ಕಛೇರಿ ನೋಡುವಾಗ ನನಗೆ ಕಂಡದ್ದು ಇಷ್ಟೆ. ವೇದಿಕೆಯ ಮೇಲಿನವನ ದನಿ ಬಿದ್ದು ಹೋಗುತ್ತಿದೆ. ಅವನ ಹಾಡನ್ನು ಮಾತ್ರ ಎದುರಿಗಿದ್ದವರು ಬಲ್ಲರು.

ನನ್ನ ನಿವೃತ್ತಿಗೆ ಇನ್ನು ಎರಡು ವರ್ಷ ಇದೆ. ಶಾಲು, ಹಾರ, ಹಣ್ಣಿನ ಬುಟ್ಟಿಯ ಬೀಳ್ಕೊಡುಗೆ ಹೇಗೂ ಆಗುತ್ತದೆ. ಅಂದು ನಾಲ್ಕು ಮಾತಾಡಲು ಕೊರಳು ಇರುತ್ತದೋ ಇಲ್ಲವೋ ಎಂದು ಮೊದಲು ಹೆದರುತ್ತಿದ್ದೆ. ಈಗ ತರಗತಿಯಲ್ಲಿ ಒಂದು ಬದಲಾವಣೆ ಮಾಡಿಕೊಂಡಿದ್ದೇನೆ. ಬ್ಯಾಟರಿ, ತಂತಿ, ಬಲ್ಬುಗಳನ್ನು ಮಕ್ಕಳ ಕೈಗೇ ಕೊಟ್ಟು ಹಿಂದಿನ ಬೆಂಚಿನಲ್ಲಿ ಕೂರುತ್ತೇನೆ. ನಾಲ್ಕು ನಾಲ್ಕು ಮಂದಿಯಾಗಿ ಮಾಡಿ ನೋಡುತ್ತಾರೆ, ತಪ್ಪುತ್ತಾರೆ, ಜಗಳವಾಡುತ್ತಾರೆ, ಆಮೇಲೆ ಒಬ್ಬರು ಎದ್ದು ಉಳಿದವರಿಗೆ ಹೇಳುತ್ತಾರೆ. ಮೂವತ್ತು ವರ್ಷ ನಾನು ಕೂಗಿ ಹೇಳಿದ್ದಕ್ಕಿಂತ ಇದು ಚೆನ್ನಾಗಿ ತಲೆಗೆ ಹತ್ತುತ್ತದೆ ಎಂದು ಒಪ್ಪಿಕೊಳ್ಳಲು ಸ್ವಲ್ಪ ಸಂಕೋಚವಾಗುತ್ತದೆ.

ಅಂದು ಬೋರ್ಡಿನ ಮೇಲೆ ಬರೆದದ್ದನ್ನು ಓದಿದ ಹುಡುಗಿ ಈಗ ಪಿಯುಸಿ ಮುಗಿಸಿದ್ದಾಳೆ. ಮೊನ್ನೆ ಅಂಗಡಿ ಬೀದಿಯಲ್ಲಿ ಸಿಕ್ಕಳು. "ಸಾರ್, ಗಂಟಲು ಹೇಗಿದೆ?" ಎಂದಳು. ಪರವಾಗಿಲ್ಲ ಎಂದು ಕೈಸನ್ನೆ ಮಾಡಿದೆ. "ನಾನು ಬಿಎಸ್ಸಿ ಸೇರ್ತೀನಿ ಸಾರ್, ಆಮೇಲೆ ಬಿಎಡ್" ಎಂದಳು. ನಾನು ಏನೂ ಹೇಳಲಿಲ್ಲ. ಅಂದು ಮಾತ್ರ ಅದು ಡಾಕ್ಟರ ಸಲಹೆಯಿಂದಲ್ಲ.